ಹಲಗೆಯ ಭಾರ ನೆಲ ಮುಟ್ಟುವ ದಾರಿ

ಆಷಾಢದ ಒಂದು ಬೆಳಿಗ್ಗೆ ನಮ್ಮ ಮರಗೆಲಸದ ಶೆಡ್ಡಿನ ಬಾಗಿಲು ತೆಗೆಯಲು ಹೋದರೆ ಅದು ಅರ್ಧಕ್ಕೇ ನಿಂತಿತು. ಒಳಗೆ ಏನೋ ಅಡ್ಡ. ತೂರಿಕೊಂಡು ಹೋಗಿ ನೋಡಿದರೆ, ಗೋಡೆಯ ಬ್ರಾಕೆಟ್ಟುಗಳ ಮೇಲಿದ್ದ ಹದಿನೆಂಟು ಸಾಗುವಾನಿ ಹಲಗೆಗಳೂ ನೆಲದ ಮೇಲಿದ್ದವು. ಕೆಳಗಿದ್ದ, ಮರ ಹೆರೆಯುವ ಪ್ಲೇನರ್ ಮೆಷಿನ್ನು ಜಖಂ ಆಗಿತ್ತು. ಹಿಂದಿನ ಸಂಜೆ ಅದೇ ಜಾಗದಲ್ಲಿ ನಮ್ಮ ಹುಡುಗ ಕೂತು ಉಳಿ ಮಸೆಯುತ್ತಿದ್ದ. ಅದನ್ನು ನೆನೆದು ನನಗೆ ಕೈಕಾಲು ತಣ್ಣಗಾಯಿತು.

ಸ್ವಲ್ಪ ಹೊತ್ತು ಕಳೆದ ಮೇಲೆ ಬ್ರಾಕೆಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಒಂದೂ ಬಾಗಿರಲಿಲ್ಲ. ಬೋಲ್ಟುಗಳೂ ತುಂಡಾಗಿರಲಿಲ್ಲ. ಮೇಲಿನ ಬೋಲ್ಟುಗಳು ಗೋಡೆಯಿಂದ ಹಾಗೇ ಕಿತ್ತು ಬಂದಿದ್ದವು, ತುದಿಗೆಲ್ಲ ಕೆಂಪು ಪುಡಿ ಮೆತ್ತಿಕೊಂಡಿತ್ತು. ಕೆಳಗಿನ ಬೋಲ್ಟುಗಳು ಎರಡು ಕಡೆ ಇನ್ನೂ ಗೋಡೆಯಲ್ಲೇ ಕೂತಿದ್ದವು. ನಮ್ಮದು ಮಲೆನಾಡಿನ ಜಂಬಿಟ್ಟಿಗೆ ಗೋಡೆ. ತೂತಿಗೆ ಬೆರಳು ಹಾಕಿದರೆ ಕಲ್ಲು ತೇವಕ್ಕೆ ಮೆತ್ತಗಾಗಿ ಉದುರುತ್ತಿತ್ತು.

ಕೊಳ್ಳುವಾಗ ಅಂಗಡಿಯಲ್ಲಿ 'ಒಂದೊಂದು ಬ್ರಾಕೆಟ್ 100 ಕೆಜಿ ತಡೆಯುತ್ತೆ' ಎಂದಿದ್ದರು. ಆ ಮಾತು ಸುಳ್ಳಲ್ಲ. ಬ್ರಾಕೆಟ್ ತಡೆದಿತ್ತು. ಗೋಡೆ ತಡೆಯಲಿಲ್ಲ.

ಅವತ್ತಿನಿಂದ ಯಾರೇ ಮರ ಇಡುವ ರ‍್ಯಾಕ್ ಬಗ್ಗೆ ಕೇಳಲಿ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಹಲಗೆಯ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ? ಹಲಗೆಯಿಂದ ಅದನ್ನು ಹೊರುವ ಅಡ್ಡ ತೋಳಿಗೆ (ನಾವು ಅದಕ್ಕೆ ಕೈ ಅನ್ನುತ್ತೇವೆ), ಕೈಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ. ಈ ದಾರಿಯಲ್ಲಿ ಎಲ್ಲಿ ಬಿಗಿ ಕಮ್ಮಿಯೋ ಅಲ್ಲೇ ರ‍್ಯಾಕ್ ಬೀಳುತ್ತದೆ. ಉಳಿದದ್ದು ಎಷ್ಟೇ ಗಟ್ಟಿ ಇದ್ದರೂ ಪ್ರಯೋಜನವಿಲ್ಲ.

ಮೊದಲು ಭಾರ ಎಷ್ಟು ನೋಡಿ

ನಾವು ಮರವನ್ನು ಕೊಳ್ಳುವುದು ಘನ ಅಡಿ, ಅಂದರೆ ಸಿಎಫ್‌ಟಿ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಲ್ಲ. ಹಾಗಾಗಿ ಎಷ್ಟು ಕೆಜಿ ಅನ್ನುವುದು ತಲೆಗೇ ಬರುವುದಿಲ್ಲ. ಸಾಮಿಲ್ಲಿನ ಲೆಕ್ಕ ಎಲ್ಲ ಆಚಾರಿಗಳಿಗೂ ಗೊತ್ತು. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ. ಅದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿದರೆ ಸಾಕು. ಒಣಗಿದ ಸಾಗುವಾನಿ ಒಂದು ಸಿಎಫ್‌ಟಿಗೆ ಸುಮಾರು 18ರಿಂದ 19 ಕೆಜಿ ತೂಗುತ್ತದೆ. ಮತ್ತಿ, ಹೊನ್ನೆ, ಬೀಟೆ ಇನ್ನೂ ಭಾರ, 22ರಿಂದ 25 ಕೆಜಿ. ಆಗಷ್ಟೇ ಕೊಯ್ದು ತಂದ ಹಸಿ ಮರವಾದರೆ ಇದರ ಒಂದೂವರೆ ಪಟ್ಟು ಎಂದುಕೊಳ್ಳಿ.

ನಮ್ಮ ಬಿದ್ದ ಹಲಗೆಗಳನ್ನೇ ತೆಗೆದುಕೊಳ್ಳಿ. ಉದ್ದ 8 ಅಡಿ, ಅಗಲ 8 ಇಂಚು, ದಪ್ಪ ಒಂದೂವರೆ ಇಂಚು. 8 × 8 × 1.5 ಅಂದರೆ 96. ಅದನ್ನು 144ರಿಂದ ಭಾಗಿಸಿದರೆ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ, 0.67 ಸಿಎಫ್‌ಟಿ. ಒಂದು ಹಲಗೆ ಹನ್ನೆರಡೂವರೆ ಕೆಜಿ. ಹದಿನೆಂಟು ಹಲಗೆಗೆ 225 ಕೆಜಿ. ಅಂದರೆ ಮೂರು ಜನ ದೊಡ್ಡವರನ್ನು ಗೋಡೆಗೆ ನೇತುಹಾಕಿದ ಹಾಗೆ.

ಹೊಸ ರ‍್ಯಾಕ್ ಮಾಡುವವರು ಈಗ ಇರುವ ಮರದ ಲೆಕ್ಕ ಹಾಕಬಾರದು. ಜಾಗ ಪೂರ್ತಿ ತುಂಬಿದಾಗ ಎಷ್ಟಾಗುತ್ತದೆ ಅನ್ನುವ ಲೆಕ್ಕ ಹಾಕಬೇಕು. ಜಾಗ ಖಾಲಿ ಇದ್ದರೆ ಅದು ತುಂಬಿಯೇ ತುಂಬುತ್ತದೆ, ಅಲ್ವಾ? 10 ಅಡಿ ಉದ್ದ, ಒಂದೂವರೆ ಅಡಿ ಆಳ, ಒಂದು ಅಡಿ ಎತ್ತರದ ಒಂದು ಅಂತಸ್ತು ಒತ್ತೊತ್ತಾಗಿ ತುಂಬಿದರೆ 15 ಸಿಎಫ್‌ಟಿ. ಒಣ ಸಾಗುವಾನಿಯಾದರೆ 285 ಕೆಜಿ. ಹಸಿಯಾದರೆ 400 ದಾಟುತ್ತದೆ. ನಾಲ್ಕು ಕಂಬ ಇದ್ದರೆ ಒಂದೊಂದು ಕೈಯ ಪಾಲಿಗೆ ಹೆಚ್ಚುಕಮ್ಮಿ 70ರಿಂದ 100 ಕೆಜಿ. ನಾನು ಪ್ರತಿ ಕೈಗೂ 100 ಕೆಜಿ ಎಂದೇ ಹಿಡಿಯುತ್ತೇನೆ. ಅದರ ಮೇಲೆ ಎರಡು ಮೂರು ಪಟ್ಟು ಬಲ ಮಿಕ್ಕುವಂತೆ ಮಾಡುತ್ತೇನೆ. ಕಾರಣ, ಎಷ್ಟು ಬೇಡ ಎಂದರೂ ಮೇಲಿನ ಹಲಗೆ ತೆಗೆಯಲು ಯಾರಾದರೂ ಕೆಳಗಿನ ಕೈಗೆ ಕಾಲಿಟ್ಟು ಹತ್ತುತ್ತಾರೆ.

ಕೊಡ ಹಿಡಿದ ಕೈ

225 ಕೆಜಿಯನ್ನು ನಾಲ್ಕು ಬ್ರಾಕೆಟ್ಟಿಗೆ ಹಂಚಿದರೆ ತಲಾ 56. ಬ್ರಾಕೆಟ್ ತಡೆಯುವುದು 100. ಹಾಗಾದರೆ ಬಿದ್ದದ್ದು ಯಾಕೆ?

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು ಬಾವಿಯಿಂದ ಮನೆತನಕ ನಡೆಯಬಹುದು. ಅದೇ ಕೊಡವನ್ನು ತೋಳು ಮುಂದೆ ಚಾಚಿ ಹಿಡಿಯಲು ಹೋಗಿ, ಅರ್ಧ ನಿಮಿಷಕ್ಕೆ ಭುಜ ಸೋಲುತ್ತದೆ. ಕೊಡದ ತೂಕ ಅಷ್ಟೇ ಇದೆ. ಬದಲಾದದ್ದು ಮೈಯಿಂದ ಕೊಡ ಎಷ್ಟು ದೂರ ಇದೆ ಅನ್ನುವುದು. ದೂರ ಹೆಚ್ಚಿದಷ್ಟೂ ಭುಜವನ್ನು ತಿರುಗಿಸುವ ಬಲ ಹೆಚ್ಚುತ್ತದೆ.

ಗೋಡೆಯ ಬ್ರಾಕೆಟ್ಟಿನಲ್ಲೂ ಇದೇ ನಡೆಯುತ್ತದೆ. ಕೈ 18 ಇಂಚು ಚಾಚಿದೆ. ಅದರ ಮೇಲೆ ಹಲಗೆ ಸಮವಾಗಿ ಹರಡಿದೆ. ಆಗ ಭಾರದ ನಡುಬಿಂದು ಗೋಡೆಯಿಂದ 9 ಇಂಚು ದೂರ. ಬ್ರಾಕೆಟ್ಟಿನ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ನಡುವೆ 6 ಇಂಚು. ಭಾರ ಕೆಳಗೆ ಜಗ್ಗಿದಾಗ ಬ್ರಾಕೆಟ್ ತನ್ನ ಕೆಳತುದಿಯನ್ನು ಗೋಡೆಗೆ ಒತ್ತಿಕೊಂಡು ತಿರುಗಲು ನೋಡುತ್ತದೆ. ಆಗ ಮೇಲಿನ ಬೋಲ್ಟನ್ನು ನೇರ ಹೊರಕ್ಕೆ ಎಳೆಯುತ್ತದೆ. ಆ ಎಳೆತ ಎಷ್ಟು? ಭಾರವನ್ನು 9ರಿಂದ ಗುಣಿಸಿ 6ರಿಂದ ಭಾಗಿಸಿ. 56 ಕೆಜಿಗೆ 84 ಕೆಜಿ ಎಳೆತ. ಪೂರ್ತಿ 100 ಕೆಜಿ ಹೇರಿದರೆ 150.

ಈಗ ಆ ಬೋಲ್ಟುಗಳನ್ನು ಮತ್ತೆ ನೋಡಿ. ಮೇಲಿನವು ಮಾತ್ರ ಯಾಕೆ ಕಿತ್ತು ಬಂದವು, ಕೆಳಗಿನವು ಯಾಕೆ ಉಳಿದವು ಎಂದು ಗೊತ್ತಾಗುತ್ತದೆ. ಕೆಳಗಿನ ಬೋಲ್ಟನ್ನು ಯಾರೂ ಎಳೆಯುತ್ತಲೇ ಇರಲಿಲ್ಲ.

ಇದಕ್ಕೆ ಗೋಡೆಯ ಗುಣವನ್ನೂ ಸೇರಿಸಬೇಕು. ಆಂಕರ್ ಬೋಲ್ಟ್ ಕೆಲಸ ಮಾಡುವುದು ತೂತಿನೊಳಗೆ ಅರಳಿ, ಸುತ್ತಲಿನ ಗೋಡೆಯನ್ನು ಒತ್ತಿ ಹಿಡಿಯುವುದರಿಂದ. ಕಾಂಕ್ರೀಟಿನಲ್ಲಿ ಅದು ಕಚ್ಚಿಕೊಳ್ಳುತ್ತದೆ. ಜಂಬಿಟ್ಟಿಗೆಯಲ್ಲಿ, ಕರಾವಳಿಯವರು ಕೆಂಪುಕಲ್ಲು ಅನ್ನುತ್ತಾರಲ್ಲ ಅದರಲ್ಲಿ, ಒಳಗೆಲ್ಲ ಸಣ್ಣ ಸಣ್ಣ ಪೊಟರೆ. ಬೋಲ್ಟ್ ಅರಳಿದಷ್ಟೂ ಕಲ್ಲು ಪುಡಿಯಾಗುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಾದರೆ ಬೋಲ್ಟಿನ ತುದಿ ಗಾಳಿಯಲ್ಲಿರುತ್ತದೆ. ಹೊರಗೆ ಗಿಲಾವು ನೋಡಿ ಗೋಡೆ ಗಟ್ಟಿ ಇದೆ ಎಂದುಕೊಳ್ಳಬೇಡಿ. ಡ್ರಿಲ್ ಹಾಕುವಾಗ ಬರುವ ಪುಡಿಯ ಬಣ್ಣ ನೋಡಿ. ಬಿಟ್ ಸುಮ್ನೆ ಒಳಗೆ ನುಗ್ಗುತ್ತದೋ, ತಡೆದು ತಡೆದು ಹೋಗುತ್ತದೋ ಗಮನಿಸಿ. ಗೋಡೆ ಯಾವುದು ಎಂದು ಅದೇ ಹೇಳುತ್ತದೆ.

ಕಂಬ ನೆಲದ ಮೇಲೆ ನಿಲ್ಲಲಿ

ಪರಿಹಾರ ಸುಲಭ. ಬ್ರಾಕೆಟ್ಟುಗಳನ್ನು ಗೋಡೆಗೆ ಹೊಡೆಯುವ ಬದಲು ನೆಲದಿಂದ ಮೇಲೆ ಹೋಗುವ ಕಂಬಕ್ಕೆ ಕೂರಿಸಿ. ಆಗ ಭಾರವೆಲ್ಲ ಕಂಬದ ಮೂಲಕ ನೇರ ನೆಲಕ್ಕೆ ಇಳಿಯುತ್ತದೆ. ಗೋಡೆಗೆ ಉಳಿಯುವ ಕೆಲಸ ಒಂದೇ, ಕಂಬ ಮುಂದಕ್ಕೆ ವಾಲದಂತೆ ತಲೆಯ ಹತ್ತಿರ ಹಿಡಿದುಕೊಳ್ಳುವುದು.

ಅದಕ್ಕೆ ಎಷ್ಟು ಬಲ ಬೇಕು ನೋಡಿ. 7 ಅಡಿ ಎತ್ತರದ ಕಂಬ, ಅಂದರೆ 84 ಇಂಚು. ನಾಲ್ಕು ಕೈ, ಒಂದೊಂದರ ಮೇಲೆ 100 ಕೆಜಿ, ಒಟ್ಟು 400. ನಡುಬಿಂದು 9 ಇಂಚು ದೂರ. 400ನ್ನು 9ರಿಂದ ಗುಣಿಸಿದರೆ 3600. ಅದನ್ನು 84ರಿಂದ ಭಾಗಿಸಿದರೆ 43. ಬಿಡಿ ಬ್ರಾಕೆಟ್ಟಿನಲ್ಲಿ 100 ಕೆಜಿಗೆ 150 ಕೆಜಿ ಎಳೆತ ಇತ್ತು. ಇಲ್ಲಿ 400 ಕೆಜಿಗೆ ಗೋಡೆಯ ಮೇಲಿನ ಎಳೆತ ಬರೀ 43 ಕೆಜಿ! ಮರ ಅದೇ, ಗೋಡೆ ಅದೇ. ಭಾರ ಇಳಿಯುವ ದಾರಿ ಮಾತ್ರ ಬದಲಾಯಿತು. ಈ ಲೆಕ್ಕವನ್ನು ನಾನು ಮೊದಲ ಸಲ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು ನೋಡಿದಾಗ ನಂಬಲಾಗದೆ ಮೂರು ಸಲ ಗುಣಿಸಿದ್ದೆ.

ಆ 43 ಕೆಜಿಯನ್ನೂ ಜಂಬಿಟ್ಟಿಗೆ ಗೋಡೆಗೆ ಆಂಕರ್ ಹೊಡೆದು ಕೊಡಬೇಡಿ. ಗೋಡೆಯ ಆಚೆತನಕ ತೂತು ಮಾಡಿ, ಉದ್ದಕ್ಕೂ ಬೋಲ್ಟಿನಂಥ ಗೀರು ಇರುವ 12 ಎಂಎಂ ಥ್ರೆಡ್ ರಾಡ್ ತೂರಿಸಿ, ಆಚೆ ಬದಿಗೆ 4 ಇಂಚು ಚೌಕದ ಪ್ಲೇಟು ಕೊಟ್ಟು ನಟ್ ಬಿಗಿ ಮಾಡಿ. ಆಗ ಎಳೆತವನ್ನು ತಡೆಯುವುದು ತೂತಿನ ಪುಡಿಯಲ್ಲ, ಇಡೀ ಗೋಡೆಯ ದಪ್ಪ. ಹೊರಗಿನ ಪ್ಲೇಟಿನ ಸುತ್ತ ಸೀಲೆಂಟ್ ಹಚ್ಚುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮಳೆನೀರು ರಾಡಿನ ಗುಂಟವೇ ಒಳಗೆ ಬರುತ್ತದೆ. ಕಾಂಕ್ರೀಟ್ ಕಂಬವೋ ಲಿಂಟಲ್ಲೋ ಸಿಕ್ಕಿದರೆ ಇಷ್ಟೆಲ್ಲ ಬೇಕಿಲ್ಲ, ಅಲ್ಲಿ ಸಾದಾ ಆಂಕರ್ ಸಾಕು.

ಕಂಬದ ಬುಡಕ್ಕೆ 6 ಇಂಚು ಚೌಕ, 6 ಎಂಎಂ ದಪ್ಪದ ಪ್ಲೇಟು ಬೆಸೆಯಿಸಿ, ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿ. ಮಣ್ಣಿನ ನೆಲವಾದರೆ ಪ್ಲೇಟಿನ ಕೆಳಗೆ ಒಂದು ಅಡಿ ಗುಂಡಿ ತೆಗೆದು ಕಾಂಕ್ರೀಟ್ ತುಂಬಿಸಿ. ನಾಲ್ಕು ಕಂಬದಲ್ಲಿ ಒಂದು ಅರ್ಧ ಇಂಚು ಕುಸಿದರೂ ಅದರ ಪಾಲಿನ ಭಾರ ಪಕ್ಕದ ಕಂಬಗಳ ಮೇಲೆ ಬೀಳುತ್ತದೆ.

ಗೋಡೆಯೇ ಇಲ್ಲ, ಶೀಟ್ ಹೊದಿಸಿದ ಶೆಡ್ಡು ಮಾತ್ರ ಅನ್ನುವವರು ಚಾವಣಿಯ ಪೈಪಿಗೆ ರ‍್ಯಾಕ್ ಕಟ್ಟಲು ಹೋಗಬೇಡಿ. ಆ ಪೈಪು ಶೀಟಿನ ಭಾರಕ್ಕೆ, ಗಾಳಿಯ ಹೊಡೆತಕ್ಕೆ ಅಂತ ಹಾಕಿದ್ದು. ಅಂಥವರಿಗೆ ಎರಡೂ ಕಡೆ ಕೈ ಇರುವ ರ‍್ಯಾಕ್ ವಾಸಿ. ಎರಡು ಬದಿಯ ಭಾರ ಒಂದನ್ನೊಂದು ತೂಗಿಸುತ್ತದೆ. ಆದರೆ ಒಂದು ಬದಿ ಪೂರ್ತಿ ಖಾಲಿಯಾಗುವ ದಿನವೂ ಬರುತ್ತದೆ. ಆದ್ದರಿಂದ ಬುಡದ ಕಾಲುಗಳು ಎರಡೂ ಕಡೆ ಕೈಗಳಷ್ಟೇ ಉದ್ದ ಚಾಚಿರಬೇಕು, ನೆಲಕ್ಕೆ ಬೋಲ್ಟೂ ಇರಬೇಕು.

ಕೈಗಳು

ಕಬ್ಬಿಣವೋ ಮರವೋ ಎಂದು ತುಂಬ ಜನ ಕೇಳುತ್ತಾರೆ. ಎರಡರಲ್ಲೂ ಗಟ್ಟಿ ರ‍್ಯಾಕ್ ಮಾಡಬಹುದು. ನಮ್ಮ ಕಡೆ ವೆಲ್ಡಿಂಗ್ ಅಂಗಡಿ ಹತ್ತಿರದಲ್ಲೇ ಇರುವುದರಿಂದ ಈಗ ನಾನು ಕಬ್ಬಿಣದ ಕಡೆ. ಕಂಬಕ್ಕೆ 2 ಇಂಚು ಚೌಕದ ಪೈಪು, ಕೈಗೆ ಒಂದೂವರೆ ಇಂಚಿನದು, ಎರಡೂ 3 ಎಂಎಂ ದಪ್ಪ. 18 ಇಂಚಿನ ಕೈಗೆ 100 ಕೆಜಿ ಹೇರಿದರೂ ಈ ಪೈಪಿನ ಬಲದಲ್ಲಿ ಮೂರನೇ ಒಂದು ಭಾಗವೂ ಖರ್ಚಾಗುವುದಿಲ್ಲ.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಹೊರಗಿನಿಂದ ನೋಡಿದರೆ 3 ಎಂಎಂ ಪೈಪೂ ಒಂದೇ, 1.6 ಎಂಎಂ ಪೈಪೂ ಒಂದೇ. ಪೇಂಟ್ ಹೊಡೆದ ಮೇಲಂತೂ ಗೊತ್ತೇ ಆಗುವುದಿಲ್ಲ. ತೂಗಿಸಿ ನೋಡುವುದೇ ದಾರಿ. 2 ಇಂಚು ಚೌಕದ 20 ಅಡಿ ಪೈಪು 3 ಎಂಎಂ ಆದರೆ ಸುಮಾರು 26 ಕೆಜಿ ಬರಬೇಕು. 15 ಕೆಜಿ ಬಂದರೆ ಅದು ತೆಳು ಪೈಪು. ಗೇಟಿಗೆ, ಕಿಟಕಿ ಗ್ರಿಲ್ಲಿಗೆ ಆದೀತು, ಇದಕ್ಕೆ ಬೇಡ.

ಪೈಪಿಗಿಂತ ಮುಖ್ಯ ಅದು ಕಂಬಕ್ಕೆ ಸೇರುವ ಬೆಸುಗೆ. ಕೊಡ ಹಿಡಿದ ಭುಜ ಅಂದೆನಲ್ಲ, ಅದು ಇದೇ. ಕೈಯ ಮೇಲ್ಬದಿಯ ಬೆಸುಗೆ ಎಳೆತದಲ್ಲಿರುತ್ತದೆ, ಕೆಳಬದಿಯದು ಒತ್ತಡದಲ್ಲಿ. ವೆಲ್ಡರ್ ನೆಲದ ಮೇಲೆ ಮಲಗಿಸಿ ಎರಡು ಬದಿಗೆ ಮಾತ್ರ ಚುಕ್ಕೆ ಹಾಕಿ ಮುಗಿಸಿದರೆ, ಅತಿ ಹೆಚ್ಚು ಎಳೆತ ಇರುವ ಮೇಲ್ಬದಿಯೇ ಖಾಲಿ ಉಳಿಯುತ್ತದೆ. ನಾಲ್ಕೂ ಸುತ್ತ ಬೆಸೆಯಿಸಿ. ಕೈಯ ಕೆಳಗೆ 4 ಇಂಚಿನ ತ್ರಿಕೋನ ಪ್ಲೇಟು ಕೊಡಿಸಿ. ಕೆಲಸ ಮುಗಿದ ಮೇಲೆ ಸುತ್ತಿಗೆಯಿಂದ ಕಿಟ್ಟ ಕೆತ್ತಿ, ಬೆಸುಗೆ ನೋಡಿ. ಮೀನಿನ ಹುರುಪೆ ಜೋಡಿಸಿದ ಹಾಗೆ ಒಂದರ ಮೇಲೊಂದು ಸಮನಾಗಿ ಕೂತಿರಬೇಕು. ತೂತು ತೂತಾಗಿ, ಗುಡ್ಡೆ ಗುಡ್ಡೆಯಾಗಿ ಕಂಡರೆ ಅದು ಕಚ್ಚಿಲ್ಲ. ಕೇಳಲು ಸಂಕೋಚ ಬೇಡ. ನಮ್ಮ ವೆಲ್ಡರಿಗೆ ನಾನು 'ಅಣ್ಣ, ಇದರ ಕೆಳಗೆ ನಮ್ಮ ಹುಡುಗ್ರು ಕೂತು ಕೆಲಸ ಮಾಡ್ತಾರೆ' ಎಂದಷ್ಟೇ ಹೇಳಿದೆ. ಮಾತಾಡದೆ ಎಲ್ಲ ಕೈಗಳಿಗೂ ಇನ್ನೊಂದು ಸುತ್ತು ಹೊಡೆದರು.

ಮರದಲ್ಲೇ ಮಾಡುವವರು ಕೈಯನ್ನು ಯಾವತ್ತೂ ನಿಲ್ಲಿಸಿ ಕೂರಿಸಬೇಕು, ಮಲಗಿಸಿ ಅಲ್ಲ. 4 × 2 ಇಂಚಿನ ತುಂಡನ್ನು ನಾಲ್ಕಿಂಚು ಎತ್ತರ ಬರುವಂತೆ ನಿಲ್ಲಿಸಿದರೆ, ಮಲಗಿಸಿದ್ದಕ್ಕಿಂತ ಎರಡು ಪಟ್ಟು ಭಾರ ಹೊರುತ್ತದೆ, ಬಾಗುವುದು ನಾಲ್ಕನೇ ಒಂದು ಪಾಲು ಮಾತ್ರ. ನಮ್ಮ ಹಳೆ ಮನೆಗಳ ಜಂತೆ, ತೊಲೆ ನೋಡಿ, ಅಗಲಕ್ಕಿಂತ ಎತ್ತರ ಜಾಸ್ತಿ ಇರುತ್ತದೆ. ಕಾರಣ ಇದೇ. ಗಂಟು ಇರುವ ತುಂಡನ್ನು ಕೈಗೆ ಬಳಸಬೇಡಿ, ಅದರಲ್ಲೂ ಮೇಲ್ಬದಿಯಲ್ಲಿ ಗಂಟು ಇರಲೇಬಾರದು. ಕಂಬ ಮತ್ತು ಕೈ ಸೇರುವಲ್ಲಿ ಎರಡೂ ಬದಿಗೆ 18 ಎಂಎಂ ಪ್ಲೈವುಡ್ಡಿನ, ಹತ್ತು ಹನ್ನೆರಡು ಇಂಚು ಎತ್ತರದ ತ್ರಿಕೋನ ತುಂಡು ಅಂಟು ಹಾಕಿ ಸ್ಕ್ರೂ ಹೊಡೆಯಿರಿ. ಬ್ರಾಕೆಟ್ಟಿನ 6 ಇಂಚು ಇಲ್ಲಿ 12 ಆಯಿತು ಎಂದುಕೊಳ್ಳಿ. ಎತ್ತರ ಎರಡು ಪಟ್ಟಾದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ.

ಎರಡರಲ್ಲೂ ಕೈಯ ತುದಿಯನ್ನು ಅರ್ಧ ಇಂಚು ಮೇಲಕ್ಕೆತ್ತಿ ಕೂರಿಸಿ. ಭಾರ ಬಿದ್ದಾಗ ತುದಿ ಸ್ವಲ್ಪ ಇಳಿಯುತ್ತದೆ. ಮೊದಲೇ ಮಟ್ಟಸವಾಗಿ ಇಟ್ಟಿದ್ದರೆ ಆಮೇಲೆ ಮುಂದಕ್ಕೆ ಇಳಿಜಾರಾಗಿ, ಹಲಗೆ ಜಾರತೊಡಗುತ್ತದೆ.

ಎಷ್ಟು ದೂರಕ್ಕೆ ಒಂದು ಕಂಬ

ರ‍್ಯಾಕ್ ಬೀಳದಿದ್ದರೆ ಸಾಲದು, ಅದರ ಮೇಲಿನ ಹಲಗೆ ನೆಟ್ಟಗೆ ಉಳಿಯಬೇಕು. ಡೊಂಕಾದ ಹಲಗೆಯನ್ನು ಪ್ಲೇನರಿಗೆ ಕೊಟ್ಟು ನೆಟ್ಟಗೆ ಮಾಡುವಷ್ಟರಲ್ಲಿ ಒಂದೂವರೆ ಇಂಚಿನ ಸಾಗುವಾನಿ ಒಂದಿಂಚಿಗೆ ಬಂದಿರುತ್ತದೆ. ದುಡ್ಡು ಕೊಟ್ಟು ತಂದ ಮರ ಹೊಟ್ಟಾಗಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎರಡು ಆಸರೆಗಳ ನಡುವೆ ಹಲಗೆ ತನ್ನ ಭಾರಕ್ಕೇ ಜೋಲುತ್ತದೆ. ಆಸರೆಗಳ ದೂರವನ್ನು ಎರಡು ಪಟ್ಟು ಮಾಡಿದರೆ ಜೋಲುವುದು ಎರಡು ಪಟ್ಟಲ್ಲ, ಹದಿನಾರು ಪಟ್ಟು. 2 ಅಡಿಗೆ ಕಣ್ಣಿಗೇ ಕಾಣದ ಬಾಗು ದೂರ ಹೆಚ್ಚಿದ ಹಾಗೆ ಎದ್ದು ಕಾಣುವುದು ಇದರಿಂದ. ಹಸಿ ಹಲಗೆಯಾದರೆ ಹಾಗೆ ಬಾಗಿದ್ದು ಹಾಗೆಯೇ ಒಣಗಿ ನಿಂತುಬಿಡುತ್ತದೆ.

ಒಂದಿಂಚು, ಒಂದೂವರೆ ಇಂಚಿನ ಹಲಗೆಗೆ ಎರಡರಿಂದ ಎರಡೂವರೆ ಅಡಿಗೊಂದು ಕೈ ಬೇಕು. ಬಾಗಿಲ ಚೌಕಟ್ಟಿನ 5 × 3, 4 × 3 ತುಂಡುಗಳಿಗೆ ಮೂರು ನಾಲ್ಕು ಅಡಿ ಆದರೂ ನಡೆದೀತು. 10 ಅಡಿ ಹಲಗೆ ಇಡುವ ನಮ್ಮ ಹೊಸ ರ‍್ಯಾಕಿಗೆ ಎರಡೂವರೆ ಅಡಿಗೊಂದರಂತೆ ನಾಲ್ಕು ಕಂಬ ಹಾಕಿಸಿದೆ. ಎರಡು ತುದಿಗಳಲ್ಲಿ ಹಲಗೆ ಒಂದೂಕಾಲು ಅಡಿ ಹೊರಚಾಚುತ್ತದೆ. ಈ ಅಳತೆಯಲ್ಲಿ ನಾಲ್ಕೂ ಕೈಗಳಿಗೆ ಭಾರ ಹೆಚ್ಚುಕಮ್ಮಿ ಸಮವಾಗಿ ಬೀಳುತ್ತದೆ. ಹಲಗೆಯ ತುದಿಗೇ ಕಂಬ ಕೊಟ್ಟರೆ ತುದಿಯ ಕೈಗಳಿಗೆ ಭಾರ ಕಮ್ಮಿಯಾಗಿ ನಡುವಿನವು ಹೆಚ್ಚು ಹೊರಬೇಕಾಗುತ್ತದೆ. ತಾತ್ಕಾಲಿಕವಾಗಿ ಎರಡೇ ಸ್ಟೂಲಿನ ಮೇಲೆ ಉದ್ದ ಹಲಗೆ ಇಡುವಾಗಲೂ ಅಷ್ಟೇ. ತುದಿಯಿಂದ ಐದನೇ ಒಂದು ಭಾಗ ಒಳಗೆ ಇಡಿ, 10 ಅಡಿಗೆ 2 ಅಡಿ. ಜೋಲುವುದು ಅತಿ ಕಮ್ಮಿಯಾಗುವುದು ಅಲ್ಲೇ ಸುಮಾರಿಗೆ.

ಒಂದೇ ಅಂತಸ್ತಿನ ನಾಲ್ಕೂ ಕೈಗಳು ಒಂದೇ ಗೆರೆಯಲ್ಲಿರಬೇಕು. ಒಂದು ಕೈ ಕಾಲು ಇಂಚು ಮೇಲಿದ್ದರೂ ಅದು ಪಕ್ಕದವರ ಪಾಲನ್ನೂ ಹೊರುತ್ತದೆ, ಹಲಗೆಗೂ ಅಲ್ಲೊಂದು ಗೂನು ಬೀಳುತ್ತದೆ. ಮೇಸ್ತ್ರಿಗಳ ನೀರಿನ ಟ್ಯೂಬು ತಂದು ಮಟ್ಟ ಹಿಡಿದು ಕಂಬಗಳಿಗೆ ಗುರುತು ಹಾಕಿ. ನೆಲದಿಂದ ಟೇಪು ಹಿಡಿದು ಅಳೆದರೆ ನೆಲದ ಏರುತಗ್ಗೆಲ್ಲ ರ‍್ಯಾಕಿಗೂ ಬರುತ್ತದೆ.

ಅಂತಸ್ತಿನ ನಡುವೆ 14ರಿಂದ 16 ಇಂಚು ಬಿಡುವುದು ನನಗೆ ಸರಿ ಕಂಡಿದೆ. ಜಾಸ್ತಿ ಬಿಟ್ಟರೆ ಜಾಸ್ತಿ ತುಂಬುತ್ತೇವೆ, ಆಮೇಲೆ ಬೇಕಾದ ಹಲಗೆ ಯಾವಾಗಲೂ ಅಡಿಯಲ್ಲೇ ಇರುತ್ತದೆ.

ಮರ ಇಟ್ಟಲ್ಲೇ ಸುಮ್ಮನಿರುವುದಿಲ್ಲ

ಕೊಯ್ದ ಮರವೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯಲ್ಲಿ ತೇವಾಂಶ ಶೇ. 65 ಇದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಶೇ. 12ರ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯ ತೇವ ಶೇ. 90ಕ್ಕೆ ಏರಿ ವಾರಗಟ್ಟಲೆ ಹಾಗೇ ಇದ್ದರೆ, ಮಲೆನಾಡಿನ ಮಳೆಗಾಲದಲ್ಲಿ ಇರುವ ಹಾಗೆ, ಮರ ಶೇ. 20ರ ಕಡೆ ಹೋಗುತ್ತದೆ. 8 ಇಂಚಿನ ಸಾಗುವಾನಿ ಹಲಗೆ ಇಷ್ಟರಲ್ಲಿ ಅಗಲದಲ್ಲಿ ಎರಡು ಮೂರು ಎಂಎಂ ಹಿಗ್ಗಬಹುದು. ಬೇಸಿಗೆಯಲ್ಲಿ ಕೂರಿಸಿದ ಬಾಗಿಲು ಮಳೆಗಾಲದಲ್ಲಿ ಬಿಗಿ ಹಿಡಿಯುವುದು ಇದಕ್ಕೇ.

ಹೀಗೆ ಹೀರುವುದು ಬಿಡುವುದು ಹಲಗೆಯ ಎರಡೂ ಮುಖದಲ್ಲಿ ಸಮವಾಗಿ ನಡೆದರೆ ತೊಂದರೆ ಇಲ್ಲ. ಒಂದು ಮುಖ ಗಾಳಿಗೆ ಬಿದ್ದು, ಇನ್ನೊಂದು ಗೋಡೆಗೋ ಇನ್ನೊಂದು ಹಲಗೆಗೋ ಅಂಟಿಕೊಂಡಿದ್ದರೆ ಹಲಗೆ ಬಟ್ಟಲಿನ ಹಾಗೆ ಬಾಗುತ್ತದೆ. ಅದಕ್ಕೇ ಪ್ರತಿ ಎರಡು ಸಾಲಿನ ನಡುವೆ ರೀಪು, ಅಂದರೆ ಸಣ್ಣ ಮರದ ಪಟ್ಟಿ, ಕೊಡಬೇಕು. ಮುಕ್ಕಾಲಿಂಚು ಅಥವಾ ಒಂದಿಂಚಿನ ರೀಪು, ಎಲ್ಲವೂ ಒಂದೇ ದಪ್ಪ, ಎಲ್ಲವೂ ಒಣಗಿದ ಮರದ್ದು. ಹಸಿ ರೀಪು ಕೊಟ್ಟರೆ ಹಲಗೆಯ ಮೇಲೆ ಕಪ್ಪು ಪಟ್ಟೆ ಬೀಳುತ್ತದೆ. ರೀಪು ಯಾವಾಗಲೂ ಕೈಯ ನೇರಕ್ಕೆ, ಒಂದರ ಮೇಲೊಂದು ಬರಬೇಕು. ಇಲ್ಲೂ ಅದೇ ಮಾತು, ಭಾರ ನೇರ ಕೆಳಗೆ ಇಳಿಯಬೇಕು. ರೀಪು ಪಕ್ಕಕ್ಕೆ ಸರಿದರೆ ಮೇಲಿನ ರಾಶಿಯ ಭಾರ ಕೆಳಗಿನ ಹಲಗೆಯ ನಡುಬೆನ್ನಿಗೆ ಬೀಳುತ್ತದೆ.

ಹಸಿ ಹಲಗೆಯ ಎರಡು ಕೊರೆದ ತುದಿಗಳಿಗೆ ಹಳೆಯ ಪೇಂಟ್ ಅಥವಾ ಕರಗಿಸಿದ ಮೇಣ ಬಳಿಯಿರಿ. ಮರದ ಎಳೆಯ ಉದ್ದಕ್ಕೆ ನೀರು ಹೊರಹೋಗುವುದು ಅಡ್ಡಕ್ಕೆ ಹೋಗುವುದಕ್ಕಿಂತ ಹತ್ತಾರು ಪಟ್ಟು ಬೇಗ. ತುದಿ ಮೊದಲು ಒಣಗಿ ಕುಗ್ಗುತ್ತದೆ, ಒಳಭಾಗ ಇನ್ನೂ ಹಸಿ ಇರುತ್ತದೆ, ಆಗ ತುದಿ ಸೀಳುತ್ತದೆ. ಎರಡು ನಿಮಿಷದ ಕೆಲಸ. ಆದರೆ ಪ್ರತಿ ಹಲಗೆಯಲ್ಲೂ ಅರ್ಧ ಅಡಿ ಉಳಿಸುತ್ತದೆ.

ಗೆದ್ದಲಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಕಡೆಯ ಗೆದ್ದಲು ಮಣ್ಣಿನಿಂದ ಬರುತ್ತದೆ, ಬೆಳಕಿಗೆ ಮೈ ಒಡ್ಡುವುದಿಲ್ಲ, ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಹಾಗಾಗಿ ಕೆಳಗಿನ ಅಂತಸ್ತು ನೆಲದಿಂದ ಒಂದು ಅಡಿ ಮೇಲಿರಲಿ. ಹಲಗೆಗೂ ಗೋಡೆಗೂ ನಡುವೆ ಕೈ ತೂರುವಷ್ಟು, ಮೂರು ಇಂಚು ಜಾಗ ಇರಲಿ. ಇದರಿಂದ ಗೆದ್ದಲು ಬರುವುದೇ ಇಲ್ಲ ಎಂದಲ್ಲ. ಬಂದರೆ ಕಬ್ಬಿಣದ ಕಂಬದ ಮೇಲೆ ಕೆಂಪು ಗೆರೆ ಏರುವುದು ಕಣ್ಣಿಗೆ ಕಾಣುತ್ತದೆ, ಅಷ್ಟರಲ್ಲೇ ಒರೆಸಿ ತೆಗೆದು ಬುಡಕ್ಕೆ ಔಷಧಿ ಹಾಕಬಹುದು. ಕೆಳಗಿನ ಅಂತಸ್ತಿನ ಅಡಿಯಲ್ಲಿ ತುಂಡು ಮರ, ರಟ್ಟಿನ ಡಬ್ಬ, ಹೊಟ್ಟಿನ ಚೀಲ ತುರುಕಬೇಡಿ. ಒಂದು ಅಡಿ ಬಿಟ್ಟದ್ದು ಅದಕ್ಕಲ್ಲ.

ಕುಟ್ಟೆ ಹುಳದ ದಾರಿ ಬೇರೆ. ಅದಕ್ಕೆ ಮಣ್ಣು ಬೇಡ, ಮರದ ಜೊತೆಯಲ್ಲೇ ಬರುತ್ತದೆ. ಅದಕ್ಕೆ ರುಚಿ ನಡುವಿನ ಗಟ್ಟಿ ಕೆಚ್ಚಲ್ಲ, ತೊಗಟೆಯ ಕೆಳಗಿನ ಬಿಳಿ ಭಾಗ. ಮಾವು, ರಬ್ಬರ್ ಮರಕ್ಕೆ ಬೇಗ ಹಿಡಿಯುತ್ತದೆ. ಹಲಗೆಯ ಕೆಳಗೆ ಮೈದಾ ಹಿಟ್ಟಿನಂಥ ನುಣ್ಣನೆ ಪುಡಿ ಕಂಡರೆ ಅದನ್ನು ಗುಡಿಸಿ ಸುಮ್ಮನಾಗಬೇಡಿ. ಆ ಹಲಗೆಯನ್ನು ಅವತ್ತೇ ರ‍್ಯಾಕಿನಿಂದ ಹೊರಗೆ ಹಾಕಿ.

ಹಿಂದೆ ಮಲೆನಾಡಿನ ಮನೆಗಳಲ್ಲಿ ನಾಟಾ, ಅಂದರೆ ಕೊಯ್ದ ಮರ, ಇಡುತ್ತಿದ್ದದ್ದು ಅಟ್ಟದ ಮೇಲೆ. ಕೆಳಗೆ ಬಚ್ಚಲ ಒಲೆಯೋ ಅಡುಗೆ ಒಲೆಯೋ ಇರುತ್ತಿತ್ತು. ಬಿಸಿ ಗಾಳಿ ಮೇಲೇರಿ ಮರ ಒಣಗುತ್ತಿತ್ತು, ಹೊಗೆಗೆ ಹುಳ ಹತ್ತಿರ ಬರುತ್ತಿರಲಿಲ್ಲ. ಈಗ ಒಲೆ ಇಲ್ಲ, ಹೊಗೆ ಇಲ್ಲ. ಗಾಳಿ ಆಡುವಂತೆ ನಾವೇ ಜಾಗ ಮಾಡಿಕೊಡಬೇಕು.

ಕಬ್ಬಿಣದ ಕೈಯ ಮೇಲೆ ಹಲಗೆಯನ್ನು ನೇರ ಇಡಬೇಡಿ. ಮತ್ತಿ, ಜಾಲಿಯಂಥ ಒಗರಿರುವ ಮರ ತೇವದಲ್ಲಿ ಕಬ್ಬಿಣಕ್ಕೆ ತಾಗಿದರೆ ಮಸಿಯಂಥ ಕಪ್ಪು ಕಲೆ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಹೊಡೆದು, ಮೇಲೊಂದು ಕೋಟ್ ಪೇಂಟ್ ಕೊಟ್ಟು, ಕೈಯ ಮೇಲೆ ಒಂದು ರೀಪು ಸ್ಕ್ರೂ ಮಾಡಿಬಿಟ್ಟರೆ ಆ ಗೊಡವೆ ಇಲ್ಲ.

ಪ್ಲೈವುಡ್ಡಿಗೆ ಬೇರೆ ಜಾಗ

8 × 4 ಅಡಿಯ 18 ಎಂಎಂ ಪ್ಲೈವುಡ್ ಒಂದು ಶೀಟು 30ರಿಂದ 35 ಕೆಜಿ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಆದರೆ 40ರ ಹತ್ತಿರ. ಇವನ್ನು ಹಲಗೆಯ ರ‍್ಯಾಕಿನ ಮೇಲೆ ಮಲಗಿಸಲು ಹೋಗಬೇಡಿ, 4 ಅಡಿ ಅಗಲಕ್ಕೆ 18 ಇಂಚಿನ ಕೈ ಸಾಲದು. ಹೆಚ್ಚು ಜಾಗ ಇದ್ದವರು ಮಟ್ಟಸವಾಗಿ ಮಲಗಿಸಿ. ಇಲ್ಲದವರು ನಿಲ್ಲಿಸಿ, ಆದರೆ ಗೋಡೆಗೆ ಓರೆಯಾಗಿ ಒರಗಿಸಿ ತಿಂಗಳುಗಟ್ಟಲೆ ಬಿಟ್ಟರೆ ಶೀಟು ಬಿಲ್ಲಿನ ಹಾಗೆ ಬಾಗುತ್ತದೆ. ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಿಸಿ, ಐದಾರು ಶೀಟಿಗೊಂದು ಪೈಪಿನ ತಡೆ ಕೊಡಿ, ಬುಡಕ್ಕೆ ರೀಪು ಹಾಕಿ ನೆಲದ ತೇವದಿಂದ ಮೇಲೆತ್ತಿ.

ತಡೆ ಕೊಡಿ ಎಂದದ್ದು ಶೀಟಿಗಾಗಿ ಮಾತ್ರ ಅಲ್ಲ. ಹಿಂದಿನ ಶೀಟು ನೋಡಲು ಮುಂದಿನ ಹತ್ತನ್ನು ಒಬ್ಬರೇ ಮೈಗೆ ಒರಗಿಸಿಕೊಳ್ಳುವುದು ಎಲ್ಲ ಕಾರ್ಖಾನೆಯಲ್ಲೂ ದಿನಾ ನಡೆಯುತ್ತದೆ. ಹತ್ತು ಶೀಟು ಅಂದರೆ 300 ಕೆಜಿಗೂ ಮೇಲೆ. ಒಂದು ಹಂತ ದಾಟಿದರೆ ಅದನ್ನು ಯಾರಿಂದಲೂ ಹಿಡಿಯಲಾಗುವುದಿಲ್ಲ. ದಯವಿಟ್ಟು ಒಬ್ಬರೇ ಮಾಡಬೇಡಿ.

ರೆಡಿಮೇಡ್ ಕೊಳ್ಳುವುದಾದರೆ

ಅಂಗಡಿಯಲ್ಲಿ ಸಿಗುವ, ಸಾಲು ತೂತಿನ ಕಬ್ಬಿಣದ ಪಟ್ಟಿಗಳನ್ನು ಜೋಡಿಸುವ ಸ್ಲಾಟೆಡ್ ಆಂಗಲ್ ರ‍್ಯಾಕ್ ಅಗ್ಗ, ಒಂದು ಗಂಟೆಯಲ್ಲಿ ಜೋಡಿಸಬಹುದು. ಆದರೆ ಅದು ಫೈಲು, ಡಬ್ಬ, ಬಿಡಿಭಾಗ ಇಡಲು ಮಾಡಿದ್ದು. ಮುಂದೆಯೂ ಕಂಬ ಇರುವುದರಿಂದ 10 ಅಡಿ ಹಲಗೆಯನ್ನು ಬದಿಯಿಂದ ತೂರಿಸಬೇಕು, ಅಂದರೆ ರ‍್ಯಾಕಿನ ಪಕ್ಕ ಇನ್ನೊಂದು 10 ಅಡಿ ಖಾಲಿ ಜಾಗ ಬೇಕು. ಅದರ ಮೇಲೆ ಬರೆದ ಕೆಜಿ ಲೆಕ್ಕ ಇಡೀ ತಟ್ಟೆಯ ಮೇಲೆ ಸಮವಾಗಿ ಹರಡಿದ ಭಾರಕ್ಕೆ, ಅದೂ ಬೋಲ್ಟುಗಳೆಲ್ಲ ಬಿಗಿ ಇದ್ದಾಗ. ತುಂಡು ಮರ, ಸ್ಕ್ರೂ ಡಬ್ಬಿ, ಪೇಂಟ್ ಡಬ್ಬಿಗೆ ಅದು ಚೆನ್ನಾಗಿದೆ, ನಮ್ಮಲ್ಲೂ ಎರಡಿವೆ.

ಉದ್ದ ಮರಕ್ಕೆ ಸರಿಯಾದದ್ದು ಮುಂದೆ ಕಂಬ ಇಲ್ಲದ, ಬರೀ ಕೈಗಳಿರುವ ರ‍್ಯಾಕ್. ದೊಡ್ಡ ಗೋದಾಮುಗಳಿಗೆ ಅಂತ ಮಾಡುವ ಅಂಥ ರ‍್ಯಾಕ್ ಸಿಕ್ಕರೆ, ಒಂದು ಕೈಗೆ ಎಷ್ಟು, ಒಂದು ಕಂಬಕ್ಕೆ ಒಟ್ಟು ಎಷ್ಟು ಎಂದು ಎರಡನ್ನೂ ಕೇಳಿ. ನಾಲ್ಕು ಕೈಗೆ ತಲಾ 200 ಎಂದ ಮಾತ್ರಕ್ಕೆ ಕಂಬ 800 ಹೊರುತ್ತದೆ ಎಂದಾಗುವುದಿಲ್ಲ. ಬುಡದ ಕಾಲು ಕೈಗಿಂತ ಗಿಡ್ಡ ಇದ್ದರೆ ನೆಲಕ್ಕೆ ಬೋಲ್ಟ್ ಮಾಡದೆ ಬಳಸುವ ಹಾಗಿಲ್ಲ. ನಮ್ಮಂಥ ಸಣ್ಣ ಅಂಗಡಿಗೆ ಊರಿನ ವೆಲ್ಡರ್ ಹತ್ತಿರ ಮಾಡಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಜಾಗದ ಅಳತೆಗೆ ಸರಿಯಾಗಿ ಬರುತ್ತದೆ, ಬೆಸುಗೆಯನ್ನು ಕಣ್ಣೆದುರೇ ನೋಡಬಹುದು.

ಮೊದಲ ಸಲ ಹೇರುವಾಗ

ಹೊಸ ರ‍್ಯಾಕಿಗೆ ಒಂದೇ ದಿನ ಎಲ್ಲ ಮರ ಏರಿಸಬೇಡಿ. ಮೊದಲು ಪ್ರತಿ ಕೈಯ ತುದಿಯಿಂದ ನೆಲಕ್ಕೆ ಎಷ್ಟು ಇಂಚು ಎಂದು ಅಳೆದು ಕಂಬದ ಮೇಲೇ ಬರೆದಿಡಿ. ಕೆಳಗಿನ ಅಂತಸ್ತಿನಿಂದ ಶುರು ಮಾಡಿ, ಅತಿ ಭಾರದ್ದು ಅಡಿಯಲ್ಲಿ, ಹಗುರದ್ದು ಮೇಲೆ. ಅಗಲದ ಹಲಗೆ ಗೋಡೆಯ ಕಡೆಗಿರಲಿ, ಭಾರದ ನಡುಬಿಂದು ಕಂಬಕ್ಕೆ ಹತ್ತಿರವಾದಷ್ಟೂ ಎಳೆತ ಕಮ್ಮಿ. ಹಲಗೆಯ ತುದಿಯಲ್ಲಿ ಸೀಮೆಸುಣ್ಣದಿಂದ ಮರದ ಜಾತಿ, ಕೊಯ್ಯಿಸಿದ ತಿಂಗಳು ಬರೆಯಿರಿ. ಸಾಗುವಾನಿ, ಬೀಟೆಯ ಬಿಲ್ಲು, ಪರವಾನಗಿ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅದೇ ಕಂಬಕ್ಕೆ ತೂಗುಹಾಕಿದರೆ ಅರಣ್ಯ ಇಲಾಖೆಯವರು ಕೇಳಿದಾಗ ಹುಡುಕಬೇಕಿಲ್ಲ.

ಎಂಟು ದಿನ ಬಿಟ್ಟು ತುದಿಯ ಅಳತೆ ಮತ್ತೆ ನೋಡಿ. ಒಂದೆರಡು ಎಂಎಂ ಇಳಿದಿದ್ದರೆ ಸಹಜ. ಒಂದು ಕೈ ಮಾತ್ರ ಉಳಿದವಕ್ಕಿಂತ ಹೆಚ್ಚು ಇಳಿದಿದ್ದರೆ ಆ ಬೆಸುಗೆಯನ್ನು ಟಾರ್ಚ್ ಹಿಡಿದು ಪರೀಕ್ಷಿಸಿ. ಪೇಂಟಿನಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಮರ ಇಳಿಸಿ, ವೆಲ್ಡರನ್ನು ಕರೆಸಿ. ಎಲ್ಲ ಸರಿ ಇದ್ದರೆ ಮುಂದಿನ ಸಲ ನೋಡುವುದು ಶಿವರಾತ್ರಿಯ ಹೊತ್ತಿಗೆ. ಮಳೆಗಾಲದಲ್ಲಿ ಹಿಗ್ಗಿದ ಮರ ಅಷ್ಟರಲ್ಲಿ ಒಣಗಿ ಕುಗ್ಗಿರುತ್ತದೆ, ಮರದ ಕಂಬಗಳ ಬೋಲ್ಟುಗಳು ಸಡಿಲಾಗಿರುತ್ತವೆ. ಸ್ಪ್ಯಾನರ್ ಹಿಡಿದು ಮೇಲಿನಿಂದ ಕೆಳಗಿನವರೆಗೆ ಒಂದೊಂದಾಗಿ ಬಿಗಿ ಮಾಡುತ್ತ ಬನ್ನಿ. ನಮ್ಮ ರ‍್ಯಾಕಿಗೆ ಈ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ. ಅದನ್ನು ಈಗ ನಮ್ಮ ಹುಡುಗನೇ ಮಾಡುತ್ತಾನೆ.